ಕುಲ ಕೇಳದ ಗುರುತು

ಜೀವಕೋಶಗಳನ್ನು ಸಾಕಿ ಬೆಳೆಸುವ ಪ್ರಯೋಗಾಲಯಗಳ ಫ್ರೀಜರಿನಲ್ಲಿ ಪುಟ್ಟ ಪುಟ್ಟ ಸೀಸೆಗಳ ಡಬ್ಬಿಯೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದರಲ್ಲೊಂದನ್ನು ಎತ್ತಿ ಬೆಳಕಿಗೆ ಹಿಡಿದರೆ ಒಳಗೆ ಏನೂ ಇಲ್ಲವೇನೋ ಅನ್ನಿಸುತ್ತದೆ. ಕಣ್ಣು ಕಿರಿದು ಮಾಡಿ ನೋಡಿದರೆ ತಳದಲ್ಲಿ ಬಿಳಿಯ ತೆಳು ಪೊರೆಯೊಂದು ಕಂಡರೆ ಕಂಡೀತು. ಮುಚ್ಚಳ ತೆಗೆಯುವ ಮುನ್ನ ಸೀಸೆಯನ್ನು ಸೆಂಟ್ರಿಫ್ಯೂಜಿನಲ್ಲಿಟ್ಟು ಒಮ್ಮೆ ತಿರುಗಿಸುವುದು ವಾಡಿಕೆ. ಮುಚ್ಚಳಕ್ಕೆ ಅಂಟಿಕೊಂಡ ಪುಡಿ ಚೆಲ್ಲಿಹೋದರೆ ಮತ್ತೆ ಬಳಿದುಕೊಳ್ಳುವಷ್ಟು ಅದು ಇರುವುದೇ ಇಲ್ಲ. ಹೊರಗಿನ ಚೀಟಿಯಲ್ಲಿ ನಾಲ್ಕೈದು ಸಾಲು: ಮರುಸಂಯೋಜಿತ ಮಾನವ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್. 100 ಮೈಕ್ರೋಗ್ರಾಂ. ಮೂಲ: ಇ. ಕೋಲೈ. ಸಂಶೋಧನೆಯ ಬಳಕೆಗೆ ಮಾತ್ರ.

ಮಾನವನದು ಎನ್ನುತ್ತದೆ ಮೊದಲ ಸಾಲು. ಬ್ಯಾಕ್ಟೀರಿಯಾದಿಂದ ಬಂದದ್ದು ಎನ್ನುತ್ತದೆ ಮೂರನೆಯ ಸಾಲು. ಎರಡೂ ನಿಜ. ದಿನವೂ ಈ ಸೀಸೆಗಳನ್ನು ಬಳಸುವವರಿಗೆ ಇದರಲ್ಲಿ ವಿಶೇಷವೇನೂ ಕಾಣಿಸದಿರಬಹುದು. ಅವರ ಕಣ್ಣು ಅವಧಿ ಮುಗಿಯುವ ತಾರೀಖಿನ ಮೇಲಿರುತ್ತದೆ. ನನಗೆ ಮಾತ್ರ ಆ ಎರಡು ಸಾಲುಗಳ ನಡುವಿನ ಜಾಗ ದಾಟಲಾರದಷ್ಟು ವಿಶಾಲವಾಗಿ ಕಾಣುತ್ತದೆ. ಮನುಷ್ಯನ ಮೈಯಲ್ಲಿ ಹುಟ್ಟಬೇಕಾದ ವಸ್ತು ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ ಹುಟ್ಟಿತು, ಮತ್ತೆ ಮನುಷ್ಯನ ಜೀವಕೋಶ ಅದನ್ನು ತನ್ನದೆಂದೇ ಗುರುತಿಸಿ ಒಪ್ಪಿಕೊಂಡಿತು. ಹಾಗಾದರೆ ಆ ಬಿಳಿಯ ಪೊರೆಯಲ್ಲಿ ಮಾನವನದು ಎನ್ನುವಂಥದ್ದು ಯಾವುದು, ಅದು ಎಲ್ಲಿದೆ? ಈ ಪ್ರಶ್ನೆಯನ್ನು ಹಿಡಿದು ಸ್ವಲ್ಪ ದೂರ ನಡೆದು ನೋಡಬೇಕು.

ಇಜಿಎಫ್ ಎಂದು ಚಿಕ್ಕದಾಗಿ ಕರೆಯುವ ಈ ಪ್ರೋಟೀನು ನಮ್ಮ ಮೈಯೊಳಗೆ ಜೀವಕೋಶದಿಂದ ಜೀವಕೋಶಕ್ಕೆ ಹೋಗುವ ಒಂದು ಸುದ್ದಿ. ಬೆಳೆ, ಇಬ್ಬಾಗವಾಗು, ಗಾಯವನ್ನು ಮುಚ್ಚು ಎಂಬುದು ಆ ಸುದ್ದಿಯ ತಿರುಳು. ಚರ್ಮ, ಕಣ್ಣಿನ ಪಾರದರ್ಶಕ ಪಟಲ, ಕರುಳಿನ ಒಳಗೋಡೆ, ಹೀಗೆ ಸದಾ ಸವೆಯುವ, ಸದಾ ಹೊಸದಾಗಬೇಕಾದ ಮೈಭಾಗಗಳು ಈ ಸುದ್ದಿಗೆ ಕಿವಿಗೊಟ್ಟಿರುತ್ತವೆ. ಎಂಜಲಿನಲ್ಲಿ ಅದು ಇದೆ. ಇಲಿಗಳು ತಮ್ಮ ಗಾಯವನ್ನೂ ಜೊತೆಯವರ ಗಾಯವನ್ನೂ ನೆಕ್ಕುವುದರಲ್ಲಿ ಅರ್ಥವಿದೆ. ಅವುಗಳ ಜೊಲ್ಲುಗ್ರಂಥಿಯನ್ನು ತೆಗೆದರೆ ಗಾಯ ಮಾಯುವುದು ನಿಧಾನವಾಗುತ್ತದೆಂದು 1979ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬೆರಳು ಕುಯ್ದುಕೊಂಡ ಮಗು ಯೋಚಿಸುವ ಮೊದಲೇ ಬೆರಳನ್ನು ಬಾಯಿಗಿಡುತ್ತದೆ. ಆ ಮಗುವಿನ ಎಂಜಲಿನಲ್ಲೂ ಈ ಪ್ರೋಟೀನು ಅತ್ಯಲ್ಪವಾಗಿ ಇರುತ್ತದೆ.

ಎಷ್ಟು ಚಿಕ್ಕ ವಸ್ತು ಇದು! ಬರೀ 53 ಅಮೈನೋ ಆಮ್ಲಗಳ ಒಂದು ಸರಪಳಿ. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಒಂದು ಸರಪಳಿಯಲ್ಲಿ 140ಕ್ಕೂ ಹೆಚ್ಚು ಇರುತ್ತವೆ. ಸೀಸೆಯಲ್ಲಿರುವ 100 ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಸಾವಿರದಲ್ಲಿ ಒಂದು ಪಾಲು. ಆದರೂ ಆ ಕಾಣದಂಥ ಪೊರೆಯೊಳಗೆ ಸುಮಾರು ನೂರು ಕೋಟಿ ಕೋಟಿ ಅಣುಗಳಿವೆ. ಒಂದು ಮಿಲಿಲೀಟರ್ ದ್ರವಕ್ಕೆ 50 ನ್ಯಾನೋಗ್ರಾಂ ಬೆರೆಸುವುದು ರೂಢಿ. ಆ ಲೆಕ್ಕದಲ್ಲಿ ಒಂದು ಸೀಸೆ ಎರಡು ಲೀಟರ್ ದ್ರವಕ್ಕೆ ಸಾಕು. ಅದಕ್ಕಿಂತ ಎಷ್ಟೋ ಕಡಿಮೆ ಇದ್ದರೂ ಜೀವಕೋಶಗಳಿಗೆ ಸುದ್ದಿ ತಲಪುತ್ತದೆ.

ಈ ಪ್ರೋಟೀನು ಮನುಷ್ಯನ ಕಣ್ಣಿಗೆ ಬಿದ್ದ ಬಗೆ ವಿಜ್ಞಾನದ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟನೆಗಳಲ್ಲಿ ಒಂದು. ಅದರ ಬೇರು ಇಟಲಿಯ ಟ್ಯೂರಿನ್ ನಗರದ ಒಂದು ಮಲಗುವ ಕೋಣೆಯಲ್ಲಿದೆ. 1938ರಲ್ಲಿ ಮುಸ್ಸೋಲಿನಿಯ ಸರ್ಕಾರ ಯಹೂದಿಗಳನ್ನು ವಿಶ್ವವಿದ್ಯಾಲಯಗಳಿಂದ ಹೊರಗಟ್ಟಿದ ಮೇಲೆ ರೀಟಾ ಲೆವಿ ಮೊಂಟಾಲ್ಚೀನಿ ಎಂಬ ತರುಣ ವೈದ್ಯೆ ತನ್ನ ಕೋಣೆಯಲ್ಲೇ ಪ್ರಯೋಗಾಲಯ ಹೂಡಿ, ಕೋಳಿಮೊಟ್ಟೆಯೊಳಗಿನ ಭ್ರೂಣಗಳಲ್ಲಿ ನರಗಳು ಹೇಗೆ ಬೆಳೆಯುತ್ತವೆಂದು ನೋಡುತ್ತಾ ಕೂತರು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಅಮೆರಿಕದ ಸೇಂಟ್ ಲೂಯಿಗೆ ಹೋದರು. ನರಗಳನ್ನು ಬೆಳೆಸುವ ಯಾವುದೋ ಒಂದು ವಸ್ತುವಿದೆಯೆಂದು ಅವರಿಗೆ ಅಲ್ಲಿ ಖಚಿತವಾಯಿತು. ಅದನ್ನು ಹಿಡಿಯಲು 1953ರಲ್ಲಿ ಜೊತೆಯಾದವರು ಸ್ಟಾನ್ಲಿ ಕೋಹೆನ್, ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಬ್ಬ ದರ್ಜಿಯ ಮಗ, ಜೀವರಸಾಯನ ಬಲ್ಲವರು.

ಹುಡುಕಾಟದ ನಡುವೆ ಕೋಹೆನ್ ಹಾವಿನ ವಿಷವನ್ನು ಬಳಸಿದರು. ಬೇಡದ ಅಂಶಗಳನ್ನು ಒಡೆಯಲಿಕ್ಕೆಂದು ಹಾಕಿದ ಆ ವಿಷದಲ್ಲೇ ನರ ಬೆಳೆಸುವ ವಸ್ತು ಹೇರಳವಾಗಿತ್ತು. ವಿಷದ ಗ್ರಂಥಿಗೆ ಸಮನಾದದ್ದು ಇಲಿಯಲ್ಲಿ ಯಾವುದು? ಜೊಲ್ಲುಗ್ರಂಥಿ. ಅಲ್ಲೂ ಅದು ಸಿಕ್ಕಿತು. ಆ ಗ್ರಂಥಿಯಿಂದ ತೆಗೆದ, ಇನ್ನೂ ಪೂರ್ತಿ ಶುದ್ಧಿಯಾಗದ ರಸವನ್ನು ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಯಾರೂ ಎಣಿಸದ ಸಂಗತಿಯೊಂದು ನಡೆಯಿತು. ಇಲಿಮರಿಗಳು ಹುಟ್ಟುವಾಗ ರೆಪ್ಪೆ ಅಂಟಿಕೊಂಡಿರುತ್ತದೆ. ಕಣ್ಣು ತೆರೆಯಲು ಹೆಚ್ಚುಕಡಿಮೆ ಎರಡು ವಾರ ಬೇಕು. ಈ ಮರಿಗಳು ಏಳನೆಯ ದಿನದ ಹೊತ್ತಿಗೇ ಕಣ್ಣು ಬಿಟ್ಟವು. ಹಲ್ಲುಗಳೂ ಬೇಗ ಮೂಡಿದವು.

ನರ ಹುಡುಕುತ್ತಿದ್ದವರಿಗೆ ರೆಪ್ಪೆಯ ಗೊಡವೆ ಬೇಕಿರಲಿಲ್ಲ. ರಸದಲ್ಲಿ ಏನೋ ಕಲ್ಮಶವಿದೆ, ಇನ್ನಷ್ಟು ಶುದ್ಧಮಾಡಿದರೆ ಹೋಗುತ್ತದೆ ಎಂದು ಮುಂದೆ ಸಾಗುವುದು ಎಲ್ಲ ರೀತಿಯಲ್ಲೂ ಸಮಂಜಸವಾಗಿರುತ್ತಿತ್ತು. ಕೋಹೆನ್ ಆ ಕಲ್ಮಶವನ್ನೇ ಬೆನ್ನುಹತ್ತಿದರು. 1959ರಲ್ಲಿ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಅದೇ ಅವರ ಬದುಕಿನ ಕೆಲಸವಾಯಿತು. 1962ರಲ್ಲಿ ಆ ಪ್ರೋಟೀನನ್ನು ಬೇರ್ಪಡಿಸಿದ ವರದಿ ಬಂತು. ಹತ್ತು ವರ್ಷಗಳ ನಂತರ ಅದರ 53 ಅಮೈನೋ ಆಮ್ಲಗಳ ಕ್ರಮ ತಿಳಿಯಿತು. 1986ರಲ್ಲಿ ರೀಟಾ ಮತ್ತು ಕೋಹೆನ್ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಇಡೀ ವಿದ್ಯಮಾನದ ಮೊದಲ ಕುರುಹು, ಒಂದಿಷ್ಟು ಇಲಿಮರಿಗಳು ವಾರ ಮೊದಲೇ ಬೆಳಕು ಕಂಡದ್ದು.

ಮನುಷ್ಯನ ಇಜಿಎಫ್ ಸಿಕ್ಕಿದ ದಾರಿಯೂ ಇಷ್ಟೇ ಬಳಸುದಾರಿ. ಬ್ರಿಟನ್ನಿನಲ್ಲಿ ಗ್ರೆಗರಿ ಎಂಬ ವಿಜ್ಞಾನಿ ಮನುಷ್ಯರ ಮೂತ್ರದಲ್ಲಿರುವ, ಹೊಟ್ಟೆಯ ಆಮ್ಲವನ್ನು ತಗ್ಗಿಸುವ ಒಂದು ವಸ್ತುವನ್ನು ಅರಸುತ್ತಿದ್ದರು. ಯೂರೋಗ್ಯಾಸ್ಟ್ರೋನ್ ಎಂದು ಅದಕ್ಕೆ ಹೆಸರು. 1975ರಲ್ಲಿ ಅದರ ಅಮೈನೋ ಆಮ್ಲಗಳ ಕ್ರಮ ಪ್ರಕಟವಾದಾಗ ಅದು ಕೋಹೆನ್ನರ ಇಲಿಯ ಪ್ರೋಟೀನಿನ ಒಡಹುಟ್ಟು ಎಂದು ಗೊತ್ತಾಯಿತು. ಅದರಲ್ಲೂ 53 ಅಮೈನೋ ಆಮ್ಲಗಳು. ಅವುಗಳಲ್ಲಿ 37 ಇಲಿಯದರಲ್ಲಿ ಇರುವ ಜಾಗದಲ್ಲೇ ಇವೆ. ಒಬ್ಬರು ಕಣ್ಣಿನ ಕಡೆಯಿಂದ ಹೊರಟರು, ಇನ್ನೊಬ್ಬರು ಹೊಟ್ಟೆಯ ಕಡೆಯಿಂದ ಹೊರಟರು, ಇಬ್ಬರೂ ಬಂದು ಸೇರಿದ್ದು ಒಂದೇ ಬಾಗಿಲಿಗೆ. ಜೀವಲೋಕ ಹೀಗೆ ಒಂದೇ ಸಾಮಗ್ರಿಯನ್ನು ಹತ್ತು ಕಡೆ ಬಳಸುವ ಜಿಪುಣಸಂಸಾರವಂತ.

ಆದರೆ ಮೂತ್ರದಿಂದಲೋ ಇಲಿಯ ಗ್ರಂಥಿಯಿಂದಲೋ ಹಿಂಡಿ ತೆಗೆದು ಎಷ್ಟು ದಿನ ಸಂಶೋಧನೆ ನಡೆದೀತು? ಆ ಕಾಲದ ಹಾರ್ಮೋನು ಸಂಶೋಧಕರು ಒಂದೆರಡು ಮಿಲಿಗ್ರಾಂ ವಸ್ತುವಿಗಾಗಿ ಕಸಾಯಿಖಾನೆಗಳಿಂದ ಲಕ್ಷಗಟ್ಟಲೆ ಕುರಿಗಳ ಮಿದುಳಿನ ತುಣುಕುಗಳನ್ನು ತರಿಸಿ ಅರೆಯುತ್ತಿದ್ದರು. ಆ ಲೆಕ್ಕ ತಲೆಕೆಳಗಾದದ್ದು 1970ರ ದಶಕದಲ್ಲಿ. 1973ರಲ್ಲಿ ಸ್ಟಾನ್ಲಿ ಕೋಹೆನ್ ಎಂಬ ಅದೇ ಹೆಸರಿನ ಇನ್ನೊಬ್ಬ ವಿಜ್ಞಾನಿ ಮತ್ತು ಹರ್ಬರ್ಟ್ ಬಾಯರ್, ಬೇರೆಡೆಯಿಂದ ಕತ್ತರಿಸಿ ತಂದ ಡಿಎನ್‌ಎ ತುಂಡನ್ನು ಬ್ಯಾಕ್ಟೀರಿಯಾದ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಕ್ಕೆ ಸೇರಿಸಿ ಬ್ಯಾಕ್ಟೀರಿಯಾದ ಒಳಗೇ ಬೆಳೆಸಬಹುದೆಂದು ತೋರಿಸಿದರು. 1977ರಲ್ಲಿ ಇಟಾಕುರಾ, ರಿಗ್ಸ್, ಬಾಯರ್ ಮತ್ತು ಸಂಗಡಿಗರು 14 ಅಮೈನೋ ಆಮ್ಲಗಳ ಸೊಮ್ಯಾಟೋಸ್ಟ್ಯಾಟಿನ್ ಎಂಬ ಹಾರ್ಮೋನನ್ನು ಬ್ಯಾಕ್ಟೀರಿಯಾದಲ್ಲಿ ಮಾಡಿಸಿದರು. ಮರುವರ್ಷ ಇನ್ಸುಲಿನ್. 1982ರಲ್ಲಿ ಆ ಇನ್ಸುಲಿನ್ನಿಗೆ ಔಷಧವಾಗಿ ಒಪ್ಪಿಗೆ ಸಿಕ್ಕಿತು. ಅದೇ ದಾರಿಯಲ್ಲಿ ಇಜಿಎಫ್ ಕೂಡ ಬಂತು.

ಆ ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ನೋಡಿದರೆ ಬೆರಗು ಇಮ್ಮಡಿಯಾಗುತ್ತದೆ. ನಮ್ಮ ನಾಲ್ಕನೆಯ ವರ್ಣತಂತುವಿನಲ್ಲಿ ಇಜಿಎಫ್‌ನ ವಂಶವಾಹಿ ಇದೆ. ಅದು ಹೇಳುವುದು 1207 ಅಮೈನೋ ಆಮ್ಲಗಳ ಒಂದು ಉದ್ದನೆಯ ಪ್ರೋಟೀನನ್ನು. ಅದರಿಂದ 53ರ ಒಂದು ತುಂಡು ಕತ್ತರಿಸಿ ಹೊರಬರುತ್ತದೆ. ಒಂದು ಅಮೈನೋ ಆಮ್ಲಕ್ಕೆ ಡಿಎನ್‌ಎಯ ಮೂರು ಅಕ್ಷರ, ಒಟ್ಟು 159 ಅಕ್ಷರ. ಇಷ್ಟನ್ನು ಯಾರ ಮೈಯಿಂದಲೂ ತೆಗೆಯದೆ ರಾಸಾಯನಿಕಗಳಿಂದಲೇ ಕಟ್ಟಬಹುದು. ವಂಶವಾಹಿಯೊಂದನ್ನು ಹೀಗೆ ಕೈಯಾರೆ ಕಟ್ಟಬಹುದೆಂದು 1970ರಲ್ಲಿ ಮೊದಲು ತೋರಿಸಿದವರು ಪಂಜಾಬಿನ ಹಳ್ಳಿಯೊಂದರಲ್ಲಿ ಹುಟ್ಟಿದ ಹರ್ ಗೋಬಿಂದ್ ಖುರಾನಾ.

ಕಟ್ಟುವಾಗ ಮತ್ತೊಂದು ಸೂಕ್ಷ್ಮವಿದೆ. ಒಂದೇ ಅಮೈನೋ ಆಮ್ಲಕ್ಕೆ ಹಲವು ಮೂರಕ್ಷರಗಳ ಸಂಕೇತ ಇರುವುದುಂಟು. ಮನುಷ್ಯನ ಜೀವಕೋಶ ಹೆಚ್ಚಾಗಿ ಬಳಸುವ ಕೆಲವು ಸಂಕೇತಗಳನ್ನು ಬ್ಯಾಕ್ಟೀರಿಯಾ ಅಪರೂಪಕ್ಕೆ ಬಳಸುತ್ತದೆ. ಅವು ಬಂದಲ್ಲಿ ಅದರ ಕೆಲಸ ತಡವರಿಸುತ್ತದೆ. ಆದ್ದರಿಂದ ವಿಜ್ಞಾನಿಗಳು ಬ್ಯಾಕ್ಟೀರಿಯಾಕ್ಕೆ ಒಗ್ಗುವ ಸಂಕೇತಗಳನ್ನೇ ಆರಿಸಿ ಆ 159 ಅಕ್ಷರಗಳನ್ನು ಹೊಸದಾಗಿ ಬರೆಯುತ್ತಾರೆ. ಎಂದರೆ ಬ್ಯಾಕ್ಟೀರಿಯಾದೊಳಕ್ಕೆ ಹೋಗುವ ಡಿಎನ್‌ಎ ಅಕ್ಷರ ಅಕ್ಷರವಾಗಿ ಮನುಷ್ಯನದಲ್ಲ. ಪ್ರೋಟೀನಿನ ಮೈ ಆಗುವ ಇಂಗಾಲ, ಸಾರಜನಕಗಳು ಬರುವುದು ಬ್ಯಾಕ್ಟೀರಿಯಾಕ್ಕೆ ಉಣಿಸಿದ ಸಕ್ಕರೆ, ಗ್ಲಿಸರಾಲ್, ಯೀಸ್ಟಿನ ಸಾರಗಳಿಂದ. ಅದೂ ಮನುಷ್ಯನದಲ್ಲ. ಉಳಿಯುವುದು ಇಷ್ಟೇ: ಯಾವುದರ ನಂತರ ಯಾವುದು ಎಂಬ ಕ್ರಮ. ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತಂದು ನಮ್ಮ ಹಾಲಿಗೆ ಹಾಕುತ್ತೇವೆ. ಬೆಳಗಾದರೆ ಪಾತ್ರೆ ತುಂಬ ಮೊಸರು. ಹಾಲು ನಮ್ಮದು, ಪಾತ್ರೆ ನಮ್ಮದು, ಮೊಸರಾಗುವ ಬಗೆ ಮಾತ್ರ ಅವರ ಮನೆಯಿಂದ ಬಂದದ್ದು, ಅವರ ಮನೆಗೂ ಯಾರ ಮನೆಯಿಂದಲೋ ಬಂದದ್ದು. ಮನುಷ್ಯನದು ಎಂದು ಸೀಸೆಯ ಮೇಲೆ ಬರೆದಿರುವುದು ಆ ಚಮಚದಷ್ಟು ಬಗೆಯನ್ನು ಮಾತ್ರ.

ಈಗ ಬ್ಯಾಕ್ಟೀರಿಯಾದ ಕಡೆಯಿಂದ ನೋಡೋಣ. ಇ. ಕೋಲೈ ನಮಗೆ ಅಪರಿಚಿತವಲ್ಲ, ನಮ್ಮ ಕರುಳಿನ ನಿವಾಸಿ. ಪ್ರಯೋಗಾಲಯಗಳಲ್ಲಿ ಪ್ರಸಿದ್ಧವಾದ ಕೆ-12 ಎಂಬ ಅದರ ತಳಿಯನ್ನು 1922ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ರೋಗಿಯ ಮಲದಿಂದ ಬೇರ್ಪಡಿಸಿದ್ದರು. ಇಜಿಎಫ್‌ನ ಮಾತು ಕೇಳಿ ತನ್ನನ್ನು ತಾನು ಹೊಸದು ಮಾಡಿಕೊಳ್ಳುವ ಕರುಳಿನ ಗೋಡೆಯ ಮಗ್ಗುಲಲ್ಲೇ ಅದರ ವಂಶ ಬಾಳಿದೆ. ಆ ಮಾತು ಎಂದೂ ಅದಕ್ಕಾಗಿ ಆಡಿದ್ದಲ್ಲ. ನಮ್ಮ ಪೂರ್ವಜರೂ ಅದರ ಪೂರ್ವಜರೂ ಬೇರೆಯಾಗಿ ಮುನ್ನೂರು ಕೋಟಿ ವರ್ಷಗಳಿಗೂ ಮೇಲಾಯಿತು. ಅಂದು ಭೂಮಿಯ ಮೇಲೆ ಗಿಡವಿರಲಿಲ್ಲ, ಮೀನಿರಲಿಲ್ಲ, ಉಸಿರಾಡಲು ಆಮ್ಲಜನಕ ತುಂಬಿದ ಗಾಳಿಯೂ ಇರಲಿಲ್ಲ. ಅಂಥ ಕಾಲದಲ್ಲಿ ಅಗಲಿದ ದಾಯಾದಿಯ ಕೈಗೆ ಇಂದು 159 ಅಕ್ಷರದ ಚೀಟಿ ಕೊಡುತ್ತೇವೆ. ಅದು ತಡಮಾಡದೆ ಓದುತ್ತದೆ.

ಓದುವುದಕ್ಕೆ ಸಾಧ್ಯವಾದದ್ದು ಆ ಸಂಕೇತ ಅಂದಿನಿಂದ ಇಂದಿನವರೆಗೆ ಹೆಚ್ಚುಕಡಿಮೆ ಬದಲಾಗದೆ ಉಳಿದಿರುವುದರಿಂದ. 64 ಮೂರಕ್ಷರಗಳು, ಅವುಗಳಲ್ಲಿ 61 ಇಪ್ಪತ್ತು ಅಮೈನೋ ಆಮ್ಲಗಳಿಗೆ, ಮೂರು ನಿಲ್ಲು ಎಂಬುದಕ್ಕೆ. ಈ ಪಟ್ಟಿಯ ಮೊದಲ ಸಂಕೇತವನ್ನು 1961ರಲ್ಲಿ ನೈರೆನ್‌ಬರ್ಗ್ ಮತ್ತು ಮಥಾಯ್ ಬಿಡಿಸಿದ್ದು ಇದೇ ಇ. ಕೋಲೈಯನ್ನು ಅರೆದ ರಸದಲ್ಲಿ. ಬ್ಯಾಕ್ಟೀರಿಯಾದಲ್ಲಿ ಕಂಡ ಅರ್ಥವೇ ಭತ್ತದಲ್ಲೂ ಆನೆಯಲ್ಲೂ ಮನುಷ್ಯರಲ್ಲೂ ನಿಜವಾಯಿತು. ಪರ್ವತಗಳು ಎದ್ದು ಸವೆದಿವೆ, ಖಂಡಗಳು ಕೂಡಿ ಬಿರಿದಿವೆ. ಈ ಪುಟ್ಟ ಪಟ್ಟಿ ಮಾತ್ರ ನಿಂತಿದೆ. ಪಟ್ಟಿ ಬದಲಾದ ಜೀವಿಗೆ ತನ್ನದೇ ಪ್ರೋಟೀನುಗಳು ಒಮ್ಮೆಗೇ ತಪ್ಪಾಗಿಬಿಡುತ್ತವೆ, ಆದ್ದರಿಂದ ಅದು ಬದಲಾಗಲು ಕಷ್ಟ ಎಂಬ ವಿವರಣೆ ಇದೆ. ವಿವರಣೆ ಸರಿ. ಆದರೂ ಅದನ್ನು ಓದಿ ಮುಗಿಸಿದ ಮೇಲೆ ನನ್ನ ಮೈ ಝುಂ ಎನ್ನುವುದು ನಿಂತಿಲ್ಲ.

37 ಡಿಗ್ರಿ ಬೆಚ್ಚನೆಯ ಸಾರಿನಲ್ಲಿ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಸಾರು ಮಬ್ಬಾಗುವಷ್ಟು ಬೆಳೆದ ಮೇಲೆ ಐಪಿಟಿಜಿ ಎಂಬ ವಸ್ತುವನ್ನು ಒಂದಿಷ್ಟು ಹಾಕುತ್ತಾರೆ. ಅಲ್ಲಿಯವರೆಗೆ ಸುಮ್ಮನಿದ್ದ ಹೊಸ ವಂಶವಾಹಿ ಎಚ್ಚರಗೊಳ್ಳುತ್ತದೆ. ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾ ತನ್ನ ಯಾವ ಕೆಲಸಕ್ಕೂ ಬಾರದ ಪ್ರೋಟೀನನ್ನು ಮೈತುಂಬ ಮಾಡಿಕೊಳ್ಳುತ್ತದೆ. ಆಮೇಲೆ ಅದನ್ನು ಒಡೆಯುತ್ತಾರೆ, ಅದರ ಸಾವಿರಾರು ಬಗೆಯ ಪ್ರೋಟೀನುಗಳ ನಡುವಿನಿಂದ ಇದೊಂದನ್ನೇ ಸೋಸಿ ತೆಗೆಯುತ್ತಾರೆ. ಈ ವಸ್ತುವಿಗಾಗಿ ಇಲಿಗಳು ಗ್ರಂಥಿ ಕೊಡುವುದು ತಪ್ಪಿತು, ಆ ಜಾಗದಲ್ಲಿ ಎಣಿಸಲಾಗದಷ್ಟು ಬ್ಯಾಕ್ಟೀರಿಯಾಗಳು ಬಂದವು. ಅವಕ್ಕೆ ನೋವಿಲ್ಲ ಎಂಬುದು ನಮಗೆ ತಿಳಿದಿದೆ. ಆದರೂ ಋಣ ಎನ್ನುವುದು ನೋವಿನ ಲೆಕ್ಕವೊಂದರಿಂದಲೇ ಹುಟ್ಟುವುದಲ್ಲ.

ಇಷ್ಟಾದರೂ ಕೈಗೆ ಬಂದದ್ದು ಇಜಿಎಫ್ ಆಗಿರುವುದಿಲ್ಲ. ಬ್ಯಾಕ್ಟೀರಿಯಾದೊಳಗೆ ಈ ಸರಪಳಿಗಳು ಬಹುತೇಕ ಅಡ್ಡಾದಿಡ್ಡಿ ಸುತ್ತಿಕೊಂಡು ಗಂಟುಗಂಟಾಗಿ ಬೀಳುತ್ತವೆ. ಇಜಿಎಫ್‌ನಲ್ಲಿ ಸಿಸ್ಟೀನು ಎಂಬ ಅಮೈನೋ ಆಮ್ಲಗಳು ಆರು ಇವೆ. ಎರಡೆರಡು ಜೊತೆಯಾಗಿ ಮೂರು ಗಂಧಕದ ಬೆಸುಗೆ ಬೀಳಬೇಕು. ಆರನ್ನು ಮೂರು ಜೋಡಿ ಮಾಡಲು 15 ದಾರಿಗಳಿವೆ. ಅವುಗಳಲ್ಲಿ ಒಂದೇ ಸರಿ. ಆರನೆಯ ಸ್ಥಾನದ್ದು ಇಪ್ಪತ್ತರೊಡನೆ, ಹದಿನಾಲ್ಕರದ್ದು ಮೂವತ್ತೊಂದರೊಡನೆ, ಮೂವತ್ತಮೂರರದ್ದು ನಲವತ್ತೆರಡರೊಡನೆ. ಯಾವ ಚಿಮಟಿಗೆಯಿಂದಲೂ ಇದನ್ನು ಮಾಡಲಾಗದು. ವಿಜ್ಞಾನಿಗಳು ಮಾಡುವುದಿಷ್ಟೇ: ಯೂರಿಯಾದಂಥ ವಸ್ತುವಿನಲ್ಲಿ ಆ ಗಂಟುಗಳನ್ನು ಪೂರ್ತಿ ಬಿಡಿಸುತ್ತಾರೆ, ಮೆಲ್ಲಗೆ ಆ ಯೂರಿಯಾವನ್ನು ತೆಳುಮಾಡುತ್ತಾ ಹೋಗುತ್ತಾರೆ, ಕಾಯುತ್ತಾರೆ. ಸರಪಳಿ ತಾನಾಗಿ ಮಡಿಚಿಕೊಳ್ಳುತ್ತದೆ. ಎಲ್ಲವೂ ಅಲ್ಲದಿದ್ದರೂ ಸಾಕಷ್ಟು ಸರಪಳಿಗಳು ಹದಿನೈದರಲ್ಲಿ ಆ ಒಂದನ್ನೇ ಹಿಡಿಯುತ್ತವೆ.

ಕ್ರಿಶ್ಚಿಯನ್ ಆನ್‌ಫಿನ್ಸನ್ ಇದನ್ನು ರೈಬೋನ್ಯೂಕ್ಲಿಯೇಸ್ ಎಂಬ ಪ್ರೋಟೀನಿನಲ್ಲಿ ಮೊದಲು ತೋರಿಸಿದರು. ಅದರಲ್ಲಿ ಎಂಟು ಸಿಸ್ಟೀನು, 105 ದಾರಿ, ಸರಿಯಾದದ್ದು ಒಂದು. ಬಿಡಿಸಿ ಬಿಟ್ಟರೆ ಅದು ತನ್ನ ಆಕಾರಕ್ಕೆ ಮರಳಿತು. ಆಕಾರದ ಜ್ಞಾನ ಹೊರಗೆಲ್ಲೂ ಇಲ್ಲ, ಆ ಕ್ರಮದಲ್ಲೇ ಇದೆ ಎಂಬ ಈ ಕಾಣ್ಕೆಗಾಗಿ 1972ರಲ್ಲಿ ಅವರಿಗೆ ನೊಬೆಲ್ ಬಂತು. ಸರಪಳಿಯ ಪ್ರತಿ ಕೊಂಡಿ ಎಷ್ಟು ತಿರುಗಬಹುದು, ಎಲ್ಲಿ ತಿರುಗಲಾಗದು ಎಂಬುದರ ನಕ್ಷೆಯನ್ನು 1963ರಲ್ಲಿ ಮದ್ರಾಸಿನಲ್ಲಿ ಕುಳಿತು ಬರೆದವರು ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು. 1970ರ ದಶಕದ ಆರಂಭದಲ್ಲಿ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೈವಿಕ ಭೌತವಿಜ್ಞಾನದ ವಿಭಾಗ ಕಟ್ಟಿದರು. ಪ್ರೋಟೀನಿನ ರಚನೆ ಸರಿಯಿದೆಯೇ ಎಂದು ನೋಡುವವರು ಇಂದಿಗೂ ಮೊದಲು ತೆರೆಯುವುದು ಆ ನಕ್ಷೆಯನ್ನು. ಅದರಲ್ಲಿ ಬಹುಪಾಲು ಜಾಗ ನಿಷಿದ್ಧ. ಆ ನಿಷೇಧಗಳ ಇಕ್ಕಟ್ಟಿನಲ್ಲೇ ಸರಪಳಿ ತನ್ನ ದಾರಿ ಕಂಡುಕೊಳ್ಳುತ್ತದೆ.

ಇನ್ನು ಕೊನೆಯ ಗುರುತು. ಸೀಸೆಯ ಪೊರೆಯನ್ನು ಕರಗಿಸಿ, ಜೀವಕೋಶಗಳಿರುವ ತಟ್ಟೆಗೆ ಒಂದಿಷ್ಟು ಹಾಕಿದಾಗ ಏನಾಗುತ್ತದೆ? ಜೀವಕೋಶದ ಹೊರಮೈಯಲ್ಲಿ ಇಜಿಎಫ್‌ಗೆಂದೇ ಕಾಯುವ ಗ್ರಾಹಿಗಳಿವೆ. ಇಜಿಎಫ್ ಬಂದು ಕೂತಾಗ ಗ್ರಾಹಿ ತನ್ನ ಮಡಿಚಿದ ತೋಳನ್ನು ಬಿಚ್ಚುತ್ತದೆ; ಬಿಚ್ಚಿದ ಎರಡು ಗ್ರಾಹಿಗಳು ಜೊತೆಗೂಡುತ್ತವೆ; ಒಳಗಿರುವ ಅವುಗಳ ಬಾಲಗಳು ಒಂದಕ್ಕೊಂದು ಫಾಸ್ಫೇಟ್ ಅಂಟಿಸುತ್ತವೆ. ಅಲ್ಲಿಂದ ಸುದ್ದಿ ಕೈಯಿಂದ ಕೈಗೆ ದಾಟಿ ಕೋಶಕೇಂದ್ರ ತಲಪುತ್ತದೆ. ಒಂದು ದಿನದೊಳಗೆ ಜೀವಕೋಶ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳತೊಡಗಿರುತ್ತದೆ. ಕೇಳಿಸಿಕೊಂಡ ಸುದ್ದಿಯನ್ನು ಅದು ಹೊರಗೆ ಬಿಟ್ಟಿರುವುದೂ ಇಲ್ಲ. ಗ್ರಾಹಿಯ ಸಮೇತ ಒಳಕ್ಕೆಳೆದುಕೊಂಡು ಕರಗಿಸಿಬಿಡುತ್ತದೆ, ಒಂದೇ ಮಾತು ಮತ್ತೆ ಮತ್ತೆ ಕೇಳಿ ಅತಿಯಾಗದ ಹಾಗೆ. ಆ ಅಣು ತಾಯಿಯ ಎದೆಹಾಲಿನಿಂದ ಬಂತೇ, ಎಂಜಲಿನಿಂದ ಬಂತೇ, ಬ್ಯಾಕ್ಟೀರಿಯಾ ಒಡೆದು ತಂದದ್ದೇ ಎಂದು ಜೀವಕೋಶ ಕುಲಗೋತ್ರ ವಿಚಾರಿಸುವುದಿಲ್ಲ. ಆಕಾರ ಸರಿಯಿದೆಯೇ, ಅಷ್ಟು ಸಾಕು.

2009ರಲ್ಲಿ ನೆದರ್ಲೆಂಡಿನ ಉತ್ರೆಕ್ಟ್ ನಗರದಲ್ಲಿ ತೊಶಿರೋ ಸಾಟೋ ಮತ್ತು ಹಾನ್ಸ್ ಕ್ಲೆವರ್ಸ್ ಇಲಿಯ ಕರುಳಿನ ಒಂದೇ ಒಂದು ಆಕರಕೋಶವನ್ನು ಮೆದುವಾದ ಜೆಲ್ಲಿನಲ್ಲಿಟ್ಟು, ಮೂರು ಪ್ರೋಟೀನುಗಳನ್ನು ಕೊಟ್ಟರು. ಇಜಿಎಫ್ ಅವುಗಳಲ್ಲೊಂದು. ಆ ಒಂಟಿ ಕೋಶ ಇಬ್ಬಾಗವಾಗಿ, ಮತ್ತೆ ಇಬ್ಬಾಗವಾಗಿ, ಒಳಗೆ ಪೊಳ್ಳು, ಸುತ್ತ ಗೋಡೆ, ಗೋಡೆಯಲ್ಲಿ ಗುಳಿ, ಗುಳಿಯ ತಳದಲ್ಲಿ ಹೊಸ ಆಕರಕೋಶ ಎನ್ನುವಂಥ ಪುಟಾಣಿ ಕರುಳನ್ನೇ ಕಟ್ಟಿತು. ಸುತ್ತಲೂ ಮೈ ಇರಲಿಲ್ಲ. ಮೈ ಇದೆ, ಅದು ನನ್ನನ್ನು ಕರೆಯುತ್ತಿದೆ ಎಂದು ನಂಬಲು ಆ ಕೋಶಕ್ಕೆ ಮೂರು ಮಾತು ಸಾಕಾದವು. ಇಂದು ರೋಗಿಗಳ ಕೋಶಗಳಿಂದಲೂ ಇಂಥ ಪುಟ್ಟ ಅಂಗಗಳನ್ನು ಬೆಳೆಸಿ ಯಾವ ಔಷಧ ಯಾರಿಗೆ ಒಗ್ಗೀತು ಎಂದು ನೋಡುತ್ತಿದ್ದಾರೆ.

ಈ ನಂಬಿಕೆಗೆ ಕತ್ತಲ ಮುಖವೂ ಇದೆ, ಅದನ್ನು ಬಿಟ್ಟು ಬೆರಗಿನ ಮಾತಾಡುವುದು ಸರಿಯಲ್ಲ. 1984ರಲ್ಲಿ ಇಜಿಎಫ್ ಗ್ರಾಹಿಯ ರಚನೆ ತಿಳಿದಾಗ, ಕೋಳಿಗಳಲ್ಲಿ ಕ್ಯಾನ್ಸರ್ ತರುವ ಒಂದು ವೈರಸ್ಸಿನ ವಂಶವಾಹಿ ಇದೇ ಗ್ರಾಹಿಯ ಮೊಟಕಾದ ರೂಪವೆಂದು ಗೊತ್ತಾಯಿತು. ಸುದ್ದಿಯನ್ನು ಹಿಡಿಯುವ ಹೊರಭಾಗ ಕಳೆದುಹೋದ ಆ ಗ್ರಾಹಿ, ಯಾರೂ ಹೇಳದಿದ್ದರೂ ಬೆಳೆ ಬೆಳೆ ಎನ್ನುತ್ತಲೇ ಇರುತ್ತದೆ. ಮನುಷ್ಯರ ಶ್ವಾಸಕೋಶದ, ಬಾಯಿ ಗಂಟಲುಗಳ ಎಷ್ಟೋ ಕ್ಯಾನ್ಸರುಗಳಲ್ಲಿ ಈ ಗ್ರಾಹಿ ಕೆಟ್ಟಿರುತ್ತದೆ ಅಥವಾ ಮಿತಿಮೀರಿರುತ್ತದೆ. ಹೊಗೆಸೊಪ್ಪು, ಅಡಿಕೆಗಳ ನಮ್ಮ ನಾಡಿಗೆ ಇದು ದೂರದ ಸುದ್ದಿಯಲ್ಲ. ತಲೆ ಮತ್ತು ಕತ್ತಿನ ಭಾಗದ ಕ್ಯಾನ್ಸರಿಗಾಗಿ, ಈ ಗ್ರಾಹಿಯನ್ನೇ ಮುಚ್ಚಿಹಿಡಿಯುವ ನಿಮೋಟುಜುಮ್ಯಾಬ್ ಎಂಬ ಪ್ರತಿಕಾಯವನ್ನು ಬೆಂಗಳೂರಿನ ಬಯೋಕಾನ್ 2006ರಲ್ಲಿ ಭಾರತಕ್ಕೆ ತಂದಿತು. ಅದು ಕ್ಯೂಬಾದ ವಿಜ್ಞಾನಿಗಳಲ್ಲಿ ಹುಟ್ಟಿದ್ದು. ಅದೇ ಕ್ಯೂಬಾದಲ್ಲಿ ಮಧುಮೇಹಿಗಳ ಕಾಲಿನ ಮಾಯದ ಹುಣ್ಣಿಗೆ ಇಜಿಎಫ್‌ನ್ನೇ ಚುಚ್ಚುಮದ್ದಾಗಿ ಕೊಡುತ್ತಾರೆ; ಹೈದರಾಬಾದಿನ ಭಾರತ್ ಬಯೋಟೆಕ್ ಅದನ್ನು ಲೇಪನವಾಗಿ ಮಾಡಿದೆ. ಒಂದು ಕಡೆ ಆ ಮಾತನ್ನು ಕೇಳಿಸದಂತೆ ಮಾಡುವುದು ಚಿಕಿತ್ಸೆ, ಇನ್ನೊಂದು ಕಡೆ ಕೇಳಿಸುವುದು ಚಿಕಿತ್ಸೆ. ಬೆಳೆಯುವ ಶಕ್ತಿಗೆ ಒಳಿತು ಕೆಡುಕು ತಾನಾಗಿ ಗೊತ್ತಿಲ್ಲ. ಎಷ್ಟು, ಎಲ್ಲಿ, ಯಾವಾಗ ಎಂಬ ಅಳತೆಯಲ್ಲೇ ಆರೋಗ್ಯ ನಿಂತಿದೆ. ಸಂಶೋಧನೆಯ ಬಳಕೆಗೆ ಮಾತ್ರ ಎಂಬ ಸೀಸೆಯ ಕೊನೆಯ ಸಾಲು ಆ ಅಳತೆಗೆ ತೋರಿದ ಗೌರವದಂತೆ ನನಗೆ ಕಾಣುತ್ತದೆ.

ಈಗ ಪ್ರಶ್ನೆಗೆ ಮರಳಬಹುದು. ಮಾನವನದು ಎನ್ನುವಂಥದ್ದು ಎಲ್ಲಿ? ಪರಮಾಣುಗಳಲ್ಲಿ ಇಲ್ಲ, ಡಿಎನ್‌ಎ ಅಕ್ಷರಗಳಲ್ಲಿ ಇಲ್ಲ, ಮಾಡಿದ ಕೈಯಲ್ಲೂ ಇಲ್ಲ. ಕ್ರಮದಲ್ಲಿದೆ ಎಂದುಕೊಂಡೆವು. ಆ ಕ್ರಮದಲ್ಲೂ 37 ಅಮೈನೋ ಆಮ್ಲಗಳು ಇಲಿಯೊಡನೆ ಸಮ. ಉಳಿದ 16ರಲ್ಲಾದರೂ ನಮ್ಮತನ ಅಡಗಿದೆಯೇ ಎಂದರೆ, ಇಲಿಯ ಇಜಿಎಫ್ ಕೊಟ್ಟರೂ ಮನುಷ್ಯನ ಜೀವಕೋಶ ಬೆಳೆಯುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಹಣ್ಣಿನ ನೊಣದಲ್ಲೂ ಮಣ್ಣಿನ ಸಣ್ಣ ಹುಳುವಿನಲ್ಲೂ ಇದರ ಬಳಗ ಇದೆ. ನೊಣದಲ್ಲಿ ಅದರ ಹೆಸರು ಸ್ಪಿಟ್ಜ್. ನೊಣದ ನೂರಾರು ಮುಖದ ಕಣ್ಣು ಸರಿಯಾಗಿ ರೂಪುಗೊಳ್ಳಲು ಅದು ಬೇಕೇ ಬೇಕು. ಅದೇ ಆರು ಸಿಸ್ಟೀನು, ಅದೇ ಮೂರು ಬೆಸುಗೆ. ಇಷ್ಟು ದೂರ ಹುಡುಕಿಕೊಂಡು ಬಂದದ್ದು ನಮ್ಮ ಸ್ವಂತ ಆಸ್ತಿಯನ್ನು. ಕೈಗೆ ಸಿಕ್ಕಿದ್ದು ನೆಂಟರ ಪಟ್ಟಿ.

ನನಗೆ ಇದರಿಂದ ನಷ್ಟವೇನೂ ಆಗಿಲ್ಲ, ಹಗುರವಾಗಿದೆ. ಮನುಷ್ಯ ಎಂಬುದು ಸುತ್ತಲಿನ ಜೀವಲೋಕದಿಂದ ಬೇರ್ಪಡಿಸಿ ಶುದ್ಧವಾಗಿ ಕಾಪಾಡಬೇಕಾದ ಸರಕು ಎಂದುಕೊಂಡವರಿಗೆ ಈ ಸೀಸೆ ಕಸಿವಿಸಿ ತರಬಹುದು. ಮನುಷ್ಯರೊಳಗೇ ರಕ್ತದ ಶುದ್ಧಿಯ ಮಾತಾಡಿದ ರಾಜ್ಯವೊಂದು ರೀಟಾರನ್ನು ವಿಶ್ವವಿದ್ಯಾಲಯದಿಂದ ಹೊರಹಾಕಿತ್ತು. ಅವರ ಕೆಲಸದ ದಾರಿಯಲ್ಲಿ ಸಿಕ್ಕ ಪ್ರೋಟೀನು ಇಲಿ, ನೊಣ, ಮನುಷ್ಯರನ್ನು ಒಂದೇ ಬಳಗವೆಂದು ತೋರಿಸಿತು, ಬ್ಯಾಕ್ಟೀರಿಯಾ ಕೂಡ ಅದನ್ನು ಓದಿ ಮಾಡಬಲ್ಲದೆಂದು ತೋರಿಸಿತು. ಶುದ್ಧಿಯ ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಗೊತ್ತಿಲ್ಲ.

ಆದರೂ ಆ ಸೀಸೆಯಲ್ಲಿ ಅಚ್ಚ ಮಾನವನದು ಒಂದು ಇದೆ ಎಂದೇ ನನ್ನ ಭಾವನೆ. ಇಲಿಮರಿಗಳು ಬೇಗ ಕಣ್ಣು ಬಿಟ್ಟಾಗ ತಾಯಿ ಇಲಿ ಅಚ್ಚರಿಪಟ್ಟಿರಲಾರದು. ಬ್ಯಾಕ್ಟೀರಿಯಾ ತಾನು ಮಾಡಿದ್ದೇನೆಂದು ಕೇಳಿಕೊಳ್ಳುವುದಿಲ್ಲ. ಯಾಕೆ ಹೀಗಾಯಿತು ಎಂದು ನಿಂತು ನೋಡಿದವನು, ತನಗೆ ಬೇಕಿಲ್ಲದ ಸಂಗತಿಗೆ ಬದುಕಿನ ಎಷ್ಟೋ ವರ್ಷ ಕೊಟ್ಟವನು ಮನುಷ್ಯ. ಹಿಂಡಿ, ಸೋಸಿ, ಕ್ರಮ ಓದಿ, ತಾನೇ ಬರೆದು, ಬೇರೆ ಜೀವದಲ್ಲಿ ಮಾಡಿಸಿ, ಮತ್ತೆ ತನ್ನ ಜೀವಕೋಶಕ್ಕೆ ಕೊಟ್ಟು ನೋಡಿದವನೂ ಮನುಷ್ಯ. ಇಷ್ಟೆಲ್ಲ ಮಾಡಿ ಕಂಡುಕೊಂಡದ್ದು ತಾನು ಒಂಟಿಯಲ್ಲ ಎಂಬುದನ್ನು. ಪ್ರೋಟೀನು ಎಲ್ಲರದು; ಅದರ ಬಗ್ಗೆ ಬೆರಗಾಗುವುದು ಮತ್ತು ಆ ಬೆರಗಿನ ಜೊತೆಗೆ ಬರುವ ಹೊಣೆ, ಇವೆರಡು ನಮ್ಮ ಪಾಲಿಗೆ ಬಂದಿವೆ. ಜೀವದ ಭಾಷೆಯಲ್ಲಿ ಬರೆಯಬಲ್ಲ ಜೀವಿಗಳು ನಾವಾದ್ದರಿಂದ, ಏನು ಬರೆಯುತ್ತೇವೆ, ಯಾರಿಗಾಗಿ ಬರೆಯುತ್ತೇವೆ ಎಂಬುದಕ್ಕೆ ಉತ್ತರ ಕೊಡಬೇಕಾದವರೂ ನಾವೇ.